ಲಾಕ್ಸ್‌ಟನ್ನಿನ ಮೂರು ಹೊಲ

ನಾಟಿಂಗ್‌ಹ್ಯಾಮ್‌ನಲ್ಲಿರೋ ಮಗಳ ಮನೆಗೆ ಹೋದಾಗ ನೋಡಿಬಂದ ಎರಡು ಊರಿನ ಬಗ್ಗೆ ಬರೀತೀನಿ ಅಂದಿದ್ದೆ. ಒಂದು ನ್ಯೂವಾರ್ಕ್, ಹಳೇ ಸಂತೆ ಊರು. ಇನ್ನೊಂದು ಅಲ್ಲಿಂದ ಉತ್ತರಕ್ಕೆ ಇಪ್ಪತ್ತು ಕಿಲೋಮೀಟರ್ ಆಸುಪಾಸಿನ ಲಾಕ್ಸ್‌ಟನ್ ಹಳ್ಳಿ. ಸಂತೆ ಊರನ್ನ ಬೇಗ ಮುಗಿಸ್ತೀನಿ, ಹೇಳಬೇಕಾದ್ದೆಲ್ಲ ಹಳ್ಳೀಲಿದೆ.

ನ್ಯೂವಾರ್ಕ್ ಇರೋದು ಟ್ರೆಂಟ್ ನದಿ ದಂಡೆ ಮೇಲೆ, ಲಂಡನ್ನಿಂದ ಎಡಿನ್‌ಬರೋಗೆ ಹೋಗೋ ಹಳೇ ಹೆದ್ದಾರಿಯಲ್ಲಿ. ನದಿ ಪಕ್ಕ ಪಾಳುಬಿದ್ದ ಕೋಟೆ ಇದೆ, 1216ರಲ್ಲಿ ಜಾನ್ ದೊರೆ ಸತ್ತಿದ್ದು ಅದರೊಳಗೇ. ಊರ ನಡುವೆ ಕಲ್ಲು ಹಾಸಿದ ದೊಡ್ಡ ಚೌಕ, ಅದರಲ್ಲಿ ಇವತ್ತಿಗೂ ಸಂತೆ. 1776ರ ಪುರಭವನಕ್ಕೆ ಅಂಟಿಕೊಂಡೇ ಬೆಣ್ಣೆ ಮಾರೋ ಸಾಲೆ ಇತ್ತು. ಪಕ್ಕದ ಹೋಮ್ ಅನ್ನೋ ಹಳ್ಳೀಲಿ 1400ರ ದಶಕಗಳಲ್ಲಿ ಜಾನ್ ಬಾರ್ಟನ್ ಅಂತ ಒಬ್ಬ ಉಣ್ಣೆ ವ್ಯಾಪಾರಿ ಇದ್ದ. ತನ್ನ ಸಿರಿಯೆಲ್ಲ ಕುರಿಯ ಋಣ ಅಂತ ಮನೆ ಕಿಟಕಿ ಗಾಜಿನ ಮೇಲೇ ಬರೆಸಿದ್ದನಂತೆ. ಈ ಕುರಿ ವಿಷಯ ಮುಂದೆ ಬರುತ್ತೆ, ನೆನಪಿಟ್ಟುಕೊಳ್ಳಿ.

ಲಾಕ್ಸ್‌ಟನ್‌ಗೆ ಹೋದರೆ ಮೊದಲು ಕಣ್ಣಿಗೆ ಬೀಳೋದು ಬೇಲಿ ಇಲ್ಲದ ಬಯಲು. ಇಂಗ್ಲೆಂಡಿನ ಬೇರೆ ಕಡೆ ಹೊಲಕ್ಕೊಂದು ಗಿಡದ ಬೇಲಿ ಇರುತ್ತೆ, ರೈತನ ಮನೆ ಹೊಲದ ನಡುವೆ ಒಂಟಿಯಾಗಿ ಇರುತ್ತೆ. ಇಲ್ಲಿ ನಮ್ಮ ಹಾಗೆ, ಮನೆ ಕೊಟ್ಟಿಗೆ ಎಲ್ಲ ಊರ ಬೀದೀಲೇ. ಹೊಲ ಊರ ಸುತ್ತ. ದೊಡ್ಡ ಹೊಲ ಮೂರು: ಪಡುವಣ ಹೊಲ, ಗಿರಣಿ ಹೊಲ, ತೆಂಕಣ ಹೊಲ. ಒಬ್ಬೊಬ್ಬ ರೈತನಿಗೆ ಮೂರರಲ್ಲೂ ಅಲ್ಲಲ್ಲಿ ಉದ್ದುದ್ದ ಪಟ್ಟೆಗಳು. ಒಂದು ವರ್ಷ ಚಳಿಗಾಲದ ಗೋಧಿ, ಮುಂದಿನ ವರ್ಷ ವಸಂತದ ಬೆಳೆ, ಮೂರನೇ ವರ್ಷ ಬೀಳು. ಈಗ ಬೀಳಿನ ಬದಲು ಮೇವಿನ ಹುಲ್ಲು ಹಾಕೋದೂ ಉಂಟು. ಇಡೀ ಹೊಲಕ್ಕೆ ಒಂದೇ ಸರದಿ, ನನ್ನಿಷ್ಟ ಅನ್ನೋ ಹಾಗಿಲ್ಲ. ಕೆಂಪು ಜಿಗುಟು ಜೇಡಿ ಮಣ್ಣು, ಕೈಯಲ್ಲಿ ಹಿಡಿದರೆ ಉಂಡೆ ಆಗುತ್ತೆ.

ಹಿಂದೆ ಈ ನಾಡಲ್ಲಿ ಇಂಥ ಬೇಸಾಯ ಬಹಳ ಕಡೆ ಇತ್ತು. ಅಲ್ಲಿ ಭಾರೀ ಮರದ ನೇಗಿಲು, ಎಂಟು ಎತ್ತಿನ ಆರು. ಅಷ್ಟುದ್ದದ ಆರನ್ನ ಹೊಲದ ಕೊನೇಲಿ ತಿರುಗಿಸೋದು ಎಷ್ಟು ಕಷ್ಟ ಅಂತ ಎತ್ತು ಹೂಡಿದವರಿಗೆ ಹೇಳಬೇಕಾಗಿಲ್ಲ. ಅದಕ್ಕೇ ಆರು ಕೊನೆ ಮುಟ್ಟೋ ಮೊದಲೇ ಓರೆ ಹೊಡೆಯೋರು, ಪಟ್ಟೆಗಳೇ ಸ್ವಲ್ಪ ಬಳುಕಿದ ಹಾಗೆ ಆಗಿಬಿಟ್ಟವು. ಹಳೇ ಹುಲ್ಲುಗಾವಲಿನಲ್ಲಿ ಆ ಬಳುಕು ಏರಿಳಿತ ಈಗಲೂ ಕಾಣುತ್ತೆ. ಒಂದು ಸಾಲಿನ ಉದ್ದಕ್ಕೇ ಫರ್ಲಾಂಗ್ ಅಂತ ಹೆಸರು, 660 ಅಡಿ. ಒಂದು ಫರ್ಲಾಂಗ್ ಉದ್ದ, 66 ಅಡಿ ಅಗಲದ ಪಟ್ಟೆ ಅಂದರೆ ಒಂದು ಎಕರೆ, ಹೆಚ್ಚೂಕಮ್ಮಿ ಒಂದು ಆರಿನ ಒಂದು ದಿನದ ಉಳುಮೆ. ಆ 66 ಅಡಿ ಸರಪಳಿಯ ಅರ್ಧ 33 ಅಡಿ. 33ಕ್ಕೆ 33 ಅಡಿ ಅಂದರೆ ನಮ್ಮ ಗುಂಟೆ! ನಲವತ್ತು ಗುಂಟೆಗೆ ಎಕರೆ ಸರಿಯಾಗಿ ಕೂರೋದು ಹೀಗೆ. ನಮ್ಮ ಪಹಣಿಯ ಲೆಕ್ಕಕ್ಕೆ ಅವರ ಎತ್ತಿನ ಸಾಲೇ ಅಳತೆಗೋಲು.

ಮತ್ತೆ ಯಾಕೆ ಇದೆಲ್ಲ ಹೋಯ್ತು? ಮೊದಲು ಕುರಿ. ಉಣ್ಣೆಗೆ ಬೆಲೆ ಬಂದಾಗ ಜಮೀನ್ದಾರರು ಉಳುಮೆ ಹೊಲಕ್ಕೂ ಬೇಲಿ ಹಾಕಿ ಕುರಿ ಬಿಟ್ಟರು. ಆಮೇಲೆ ಕಾನೂನೇ ಬಂತು. 1604ರಿಂದ 1914ರವರೆಗೆ ಪಾರ್ಲಿಮೆಂಟು 5,200ಕ್ಕೂ ಹೆಚ್ಚು ಬೇಲಿ ಕಾಯ್ದೆ ಮಾಡಿತು, ಸುಮಾರು 68 ಲಕ್ಷ ಎಕರೆಗೆ. ಬೇಲಿಯಿಂದ ಇಳುವರಿ ಹೆಚ್ಚಾಯ್ತು ಅಂತಾರೆ, ಇರಬಹುದು. ಆದರೆ ಕಾಗದ ಇಲ್ಲದೆ ಊರ ಹುಲ್ಲಲ್ಲಿ ಒಂದು ಹಸು ಮೇಯಿಸಿಕೊಂಡಿದ್ದವನು ಏನಾದ? ಕೂಲಿಗೆ ಹೋದ. ಗೋಮಾಳ ಕಳಕೊಂಡ ಊರಿನವರಿಗೆ ಇದು ಹೊಸ ಕತೆ ಅಲ್ಲ.

ಲಾಕ್ಸ್‌ಟನ್ ಉಳಿದಿದ್ದಕ್ಕೆ ಪುಣ್ಯಕಾರ್ಯವೇನೂ ಕಾರಣ ಅಲ್ಲ. ಅಲ್ಲಿನ ಇಬ್ಬರು ದೊಡ್ಡ ಜಮೀನ್ದಾರರಿಗೆ ಹೊಂದಾಣಿಕೆ ಆಗಲಿಲ್ಲ, ಬೇಲಿ ಕೆಲಸ ಅರ್ಧಕ್ಕೇ ನಿಂತಿತು ಅಂತ ಹೇಳ್ತಾರೆ. 1635ರಲ್ಲಿ ಮಾರ್ಕ್ ಪಿಯರ್ಸ್ ಅನ್ನೋ ಸರ್ವೇಯರ್ ಬರೆದ ನಕಾಶೆ ಇದೆ, ಒಂದೊಂದು ಪಟ್ಟೆಯೂ ಗುರುತು, ಉಳುವವರ ಚಿತ್ರ ಕೂಡ. ಆಮೇಲೆ ಪಟ್ಟೆಗಳನ್ನ ಒಗ್ಗೂಡಿಸಿ ಅಗಲ ಮಾಡಿದ್ದಾರೆ, ಆದರೆ ಮೂರು ಹೊಲ ಹಾಗೇ ಇವೆ.

ನನಗೆ ಬಹಳ ಹಿಡಿಸಿದ್ದು ಅವರ ಪಂಚಾಯ್ತಿ. ಕೋರ್ಟ್ ಲೀಟ್ ಅಂತಾರೆ. ಪ್ರತಿ ವರ್ಷ ನವೆಂಬರ್ ಕೊನೇಲಿ ರೈತರೇ ಜ್ಯೂರಿಯಾಗಿ, ಗೋಧಿ ಬಿತ್ತಿದ ಹೊಲ ಸುತ್ತುತ್ತಾರೆ. ಯಾರಾದರೂ ಬಂಡಿದಾರಿಗೋ ಊರ ಹುಲ್ಲುಪಟ್ಟಿಗೋ ನೇಗಿಲು ತೂರಿಸಿದ್ದರೆ ಅಲ್ಲೇ ಗೂಟ ಹೊಡೆದು ಗಡಿ ತೋರಿಸ್ತಾರೆ. ವಾರದ ನಂತರ ಸಭೆ ಸೇರಿ ದಂಡ. ದಂಡ ಚಿಕ್ಕದೇ. ಆದರೆ ಊರವರ ಮುಂದೆ ಹೆಸರು ಕೂಗಿಸಿಕೊಳ್ಳಬೇಕಲ್ಲ! ನಮ್ಮಲ್ಲಿ ವರ್ಷಕ್ಕೊಂದು ಸಾಲು ಒತ್ತರಿಸಿ ನಕಾಶೆ ದಾರಿ ಮೇಕೆ ದಾರಿ ಆದಮೇಲೆ ಸರ್ವೆಗೆ ಅರ್ಜಿ ಹಾಕ್ತೀವಿ. ಅವರು ಮೊದಲ ಸಾಲಿಗೇ ಗೂಟ ಹೊಡೀತಾರೆ.

ಆ ಹುಲ್ಲುಪಟ್ಟಿಗಳಿಗೆ ಸೈಕ್ ಅಂತ ಹೆಸರು. ತೇವ, ಇಳಿಜಾರು ಅಂತ ಉಳದೆ ಬಿಟ್ಟ ಜಾಗ. ನಾನು ಹೋದದ್ದು ಜೂನಲ್ಲಿ, ಮೊಣಕಾಲುದ್ದ ಹುಲ್ಲು, ನಡುವೆಲ್ಲ ಕಾಡುಹೂವು.

ಜಮೀನು ಯಾರದು ಅಂತ ನೀವು ಕೇಳೇ ಕೇಳ್ತೀರಿ. ರೈತರದ್ದಲ್ಲ, ಅವರು ಗೇಣಿದಾರರು. 1952ರಲ್ಲಿ ಸರ್ಕಾರದ ಕೃಷಿ ಇಲಾಖೆ ಕೊಂಡಿತು, 1981ರಲ್ಲಿ ರಾಜಮನೆತನದ ಕ್ರೌನ್ ಎಸ್ಟೇಟಿಗೆ ಹೋಯ್ತು, 2020ರಲ್ಲಿ ಥೋರ್ಸ್‌ಬಿ ಎಸ್ಟೇಟ್ ಕೈಗೆ ಬಂತು. ಧಣಿ ಮೂರು ಸಲ ಬದಲಾದರೂ ಜ್ಯೂರಿ ಹೊಲ ಸುತ್ತೋದು ನಿಂತಿಲ್ಲ.