ಮಾಗಡಿಯಲ್ಲಿ ವಿದ್ಯಾರ್ಥಿಯ ಒಂದು ದಿನದ ಪಾದಸಂಚಾರ

ತಾರ್ಕಿಕರು ಹೇಳುವ ಪ್ರಮಾಣಗಳಲ್ಲಿ ಮೂರು ಇತಿಹಾಸದ ವ್ಯಾಸಂಗಕ್ಕೆ ಅವಶ್ಯವಾದುವು. ಗ್ರಂಥವೂ ಶಾಸನವೂ ಶಬ್ದ. ಕಣ್ಣೆದುರಿನ ಊರು ಪ್ರತ್ಯಕ್ಷ. ಇವೆರಡನ್ನೂ ಕೂಡಿಸಿ ಕಾಣದುದನ್ನು ತಿಳಿಯುವುದು ಅನುಮಾನ. ಪಾಠಶಾಲೆಯಲ್ಲಿ ಮೊದಲನೆಯದು ಮಾತ್ರ ದೊರೆಯುವುದು. ಎರಡನೆಯದಕ್ಕೆ ಕಾಲ್ನಡಿಗೆಯೇ ಬೇಕು.

ಇಟಲಿ ದೇಶದ ಸೀಯೆನಾ ನಗರವು ೧೫೫೫ರಲ್ಲಿ ಶತ್ರುಗಳಿಗೆ ವಶವಾದಾಗ, ಅಲ್ಲಿಯ ಪ್ರಮುಖರಲ್ಲಿ ಕೆಲವರು ಮೊಂಟಾಲ್ಚೀನೋ ಎಂಬ ಗುಡ್ಡದ ಊರನ್ನು ಸೇರಿ ೧೫೫೯ರವರೆಗೂ ತಮ್ಮ ಗಣರಾಜ್ಯದ ಹೆಸರನ್ನು ಉಳಿಸಿಕೊಂಡಿದ್ದರು. ಆ ಊರುಗಳ ಬೀದಿಗಳಲ್ಲಿ ಇಂದಿಗೂ ವಿದ್ಯಾರ್ಥಿಗಳು ಸಂಚರಿಸುತ್ತಾರೆ. ರಾಜಧಾನಿಯನ್ನು ಕಳೆದುಕೊಂಡವರು ಮತ್ತೊಂದೆಡೆ ನೆಲೆಯೂರಿದ ಬಗೆಯನ್ನು ಕಾಣಲು ನಮ್ಮ ವಿದ್ಯಾರ್ಥಿಯು ಅಷ್ಟು ದೂರ ಹೋಗಬೇಕಾದುದಿಲ್ಲ. ಬೆಂಗಳೂರಿಗೆ ಪಶ್ಚಿಮದಲ್ಲಿ ಸುಮಾರು ೫೦ ಕಿಲೋಮೀಟರು ದೂರದ ಮಾಗಡಿಗೆ ಹೋದರೆ ಸಾಕು.

೧೫೩೭ರಲ್ಲಿ ಹಿರಿಯ ಕೆಂಪೇಗೌಡನು ಬೆಂಗಳೂರಿನಲ್ಲಿ ಕೋಟೆಯನ್ನು ಕಟ್ಟಿಸಿದನೆಂಬುದು ಎಲ್ಲರೂ ಬಲ್ಲ ವಿಷಯ. ೧೬೩೮ರಲ್ಲಿ ಬಿಜಾಪುರದ ಸೇನಾನಿಯಾದ ರಣದುಲ್ಲಾಖಾನನು ಶಹಾಜಿಯೊಡನೆ ಬಂದು ಆ ನಗರವನ್ನು ಹಿಡಿದುಕೊಂಡನೆಂಬುದೂ, ಆಗ ಆಳುತ್ತಿದ್ದ ಕೆಂಪೇಗೌಡನು ಮಾಗಡಿಗೆ ಸರಿದನೆಂಬುದೂ ಪುಸ್ತಕಗಳಲ್ಲಿ ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುತ್ತವೆ. ಅಲ್ಲಿಂದ ಮುಂದೆ ಆ ವಂಶದವರು ೯೦ ವರ್ಷ ಬಾಳಿದರು. ಆ ೯೦ ವರ್ಷಗಳ ಕಥೆಯನ್ನು ಹೇಳುವುದು ಊರೇ.

ಬೆಳಗಿನ ಹೊತ್ತಿನಲ್ಲಿ ವಿದ್ಯಾರ್ಥಿಯು ಮೊದಲು ಕೋಟೆಯನ್ನು ಸುತ್ತಲಿ. ಗೋಡೆಯ ಸಾಲನ್ನೂ ಕಂದಕದ ತಗ್ಗನ್ನೂ ಹೆಜ್ಜೆಯಿಂದ ಅಳೆಯುತ್ತ ನಡೆದರೆ, ಇಲ್ಲಿಗೆ ಬಂದವರು ತಲೆಮರೆಸಿಕೊಳ್ಳಲು ಬಂದವರಲ್ಲ, ಆಳಲು ಬಂದವರು ಎಂಬುದು ವಿದಿತವಾಗುವುದು.

ಅಲ್ಲಿಂದ ಸೋಮೇಶ್ವರನ ಗುಡಿಗೆ ನಡೆಯುವುದು. ಈ ವಿಶಾಲವಾದ ದೇವಾಲಯವು ೧೮ನೆಯ ಶತಮಾನದ ಆದಿಭಾಗದಲ್ಲಿ ಈ ವಂಶದವರಿಂದಲೇ ಆದುದೆಂದು ಹೇಳುತ್ತಾರೆ. ಬೆಂಗಳೂರಿನ ಹಲಸೂರಿನಲ್ಲಿ ಕೆಂಪೇಗೌಡರ ಹೆಸರಿನೊಡನೆ ಸೇರಿರುವ ದೇವರೂ ಸೋಮೇಶ್ವರನೇ. ಕಳೆದುಹೋದ ನಗರದಲ್ಲಿ ಪೂಜಿಸಿದ ಹೆಸರನ್ನೇ ಉಳಿದ ಊರಿನಲ್ಲಿಯೂ ಕರೆದು ಪೂಜಿಸಿದರು. ಆ ನಗರವಾದರೋ ೧೬೮೭ರಲ್ಲಿ ಮೊಗಲರ ವಶವಾಗಿ, ಅನಂತರ ಮೈಸೂರಿನ ಚಿಕ್ಕದೇವರಾಜ ಒಡೆಯರ ಕೈಸೇರಿತು. ಗೌಡರ ಮನೆತನಕ್ಕೆ ಮರಳಿ ಬರಲಿಲ್ಲ.

ಮಧ್ಯಾಹ್ನಕ್ಕೆ ತಿರುಮಲೆಯ ರಂಗನಾಥನ ಸನ್ನಿಧಿ. ರಂಗನಾಥನೆಂದರೆ ಶೇಷಶಯನನೆಂದು ನೆನೆದು ಹೋದವನಿಗೆ ಇಲ್ಲಿ ನಿಂತಿರುವ ಮೂರ್ತಿಯ ದರ್ಶನವಾಗುವುದು. ಶಬ್ದವನ್ನು ಪ್ರತ್ಯಕ್ಷವು ತಿದ್ದುವುದಕ್ಕೆ ಇದಕ್ಕಿಂತ ಸುಲಭವಾದ ನಿದರ್ಶನ ಬೇಕಿಲ್ಲ.

ಇಳಿಹೊತ್ತಿನಲ್ಲಿ ಬಯಲಿಗೆ ಬಂದು ಆಗ್ನೇಯಕ್ಕೆ ತಿರುಗಿದರೆ ಸಾವನದುರ್ಗದ ಏಕಶಿಲೆಯು ಎದ್ದು ನಿಂತಿರುವುದು. ಸಮುದ್ರಮಟ್ಟದಿಂದ ೧೨೨೬ ಮೀಟರು ಎತ್ತರ. ಕರಿಗುಡ್ಡ, ಬಿಳಿಗುಡ್ಡ ಎಂಬ ಎರಡು ಶಿಖರಗಳು. ಬೆನ್ನಿಗೆ ಇಂತಹ ದುರ್ಗವಿದ್ದುದರಿಂದಲೇ ಮಾಗಡಿಯು ಅಷ್ಟು ಕಾಲ ನಿಂತಿತೆಂದು ಊಹಿಸುವುದು ಸಹಜ. ಆದರೆ ೧೭೨೮ರಲ್ಲಿ ಮೈಸೂರಿನ ದಳವಾಯಿ ದೇವರಾಜಯ್ಯನು ಊರನ್ನೂ ದುರ್ಗವನ್ನೂ ಗೆದ್ದನು. ಕೊನೆಯ ಪ್ರಭುವಾದ ಮುಮ್ಮಡಿ ಕೆಂಪವೀರಪ್ಪಗೌಡನು ಶ್ರೀರಂಗಪಟ್ಟಣದ ಸೆರೆಯಲ್ಲಿ ಮಡಿದನು. ೧೭೯೧ನೆಯ ಡಿಸೆಂಬರು ೨೧ರಂದು ಅದೇ ದುರ್ಗವನ್ನು ಟಿಪ್ಪುವಿನ ಕಾವಲಿನವರಿಂದ ಕಾರ್ನ್‌ವಾಲಿಸನ ಸೈನ್ಯವು ಕಸಿದುಕೊಂಡಿತು. ಬಂಡೆಯು ಯಾರ ಪಕ್ಷವನ್ನೂ ವಹಿಸುವುದಿಲ್ಲ.

ಇಲ್ಲಿಗೆ ಸಂಚಾರ ಮುಗಿದರೆ, ಮಾಗಡಿಯೆಂಬುದು ಸೋತವರು ಹೊಕ್ಕ ಪರಸ್ಥಳವೆಂಬ ಭಾವನೆಯೇ ವಿದ್ಯಾರ್ಥಿಯಲ್ಲಿ ಉಳಿದೀತು. ಅದನ್ನು ನೀಗಿಸುವ ಸಾಕ್ಷ್ಯವೊಂದು ಇದೇ ತಾಲ್ಲೂಕಿನ ಕೆಂಪಾಪುರದಲ್ಲಿದೆ. ಅಲ್ಲಿಯ ಹಳೆಯ ಮಂಟಪವೊಂದು ಹಿರಿಯ ಕೆಂಪೇಗೌಡನ ಸಮಾಧಿಯೆಂದು ೨೦೧೫ರಲ್ಲಿ, ಅದರಲ್ಲಿಯ ಕನ್ನಡ ಬರಹವನ್ನು ಓದಿದ ಮೇಲೆ, ಬೆಳಕಿಗೆ ಬಂದಿತು. ಆತನು ಕಾಲವಾದುದು ೧೫೬೯ರಲ್ಲಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಎಂದರೆ ಬೆಂಗಳೂರು ಕೈಬಿಡುವುದಕ್ಕೆ ಸುಮಾರು ೭೦ ವರ್ಷ ಮೊದಲು. ಆದುದರಿಂದ ೧೬೩೮ರಲ್ಲಿ ಮಾಗಡಿಗೆ ಬಂದವನು ಪರಸ್ಥಳವನ್ನು ಹೊಕ್ಕವನಲ್ಲ. ಹಿರಿಯನು ಮಣ್ಣಾದ ಸೀಮೆಗೆ ಹಿಂದಿರುಗಿದವನು. ಮೂರು ಪ್ರಮಾಣಗಳೂ ಕೂಡಿದಾಗ ಹುಟ್ಟುವ ಅರಿವು ಇಂತಹುದು.

ಆ ಮಂಟಪವು ಯಾವ ಮರೆಯಲ್ಲಿಯೂ ಇರಲಿಲ್ಲ. ದನಕರುಗಳೊಡನೆ ಹಾದುಹೋಗುವವರ ಕಣ್ಣೆದುರಿಗೇ ಇದ್ದಿತು. ನಡೆದವರಿಗೆ ಓದು ಒದಗಲಿಲ್ಲ. ಓದಿದವರು ಅತ್ತ ನಡೆಯಲಿಲ್ಲ. ಬೆಂಗಳೂರಿನಲ್ಲಿ ಮಾಗಡಿಯ ಹೆಸರಿನ ರಸ್ತೆಯುಂಟು. ೨೦೨೫ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂಬ ಹೆಸರಾದುದರಿಂದ, ೧೬೩೮ರಲ್ಲಿ ಕಳೆದ ನಗರದ ಹೆಸರು ಮಾಗಡಿಗೆ ಮರಳಿ ಬಂದಂತೆಯೂ ಆಯಿತು. ಹೆಸರುಗಳು ಹೀಗೆ ಹೋಗಿಬರುತ್ತಿರುತ್ತವೆ. ಕಲ್ಲಿನ ಮೇಲಿನ ಅಕ್ಷರಕ್ಕೆ ಆ ಭಾಗ್ಯವಿಲ್ಲ. ಓದುವವರಿಲ್ಲದ ಕಲ್ಲು ಮೋರಿಯ ಹಾಸುಗಲ್ಲಾಗುವುದಕ್ಕೆ ಬಹುಕಾಲ ಬೇಕಾಗದು. ವಿದ್ಯಾರ್ಥಿಯಾದವನು ಹಳೆಯ ಲಿಪಿಯನ್ನು ಸ್ವಲ್ಪವಾದರೂ ಕಲಿತು ನಡೆಗೆ ಹೊರಡಲಿ.