ಜಲಬಾಧೆ

ಮೂತ್ರಕ್ಕೆ ಹೋಗಬೇಕೆನಿಸುವುದಕ್ಕೆ ಕನ್ನಡದಲ್ಲಿರುವ ಸಭ್ಯವಾದ ಮಾತು ಜಲಬಾಧೆ. ಸಂಸ್ಕೃತದ ‘ಬಾಧ್’ ಧಾತುವಿಗೆ ಒತ್ತು, ಪೀಡಿಸು ಎಂಬ ಅರ್ಥಗಳಿವೆ. ‘ಜಲಬಾಧೆ ತೀರಿಸಿಕೊಂಡು ಬರುತ್ತೇನೆ’ ಎಂದು ಹಿರಿಯರು ಈಗಲೂ ಹೇಳುವುದುಂಟು. ಶಾಲೆಯ ಮಕ್ಕಳಿಗೆ ‘ಒಂದಕ್ಕೆ’ ಸಾಕು.

ಈ ಬಾಧೆಯನ್ನು ತಿಳಿಸುವವು ನರಗಳು. ಮೂತ್ರಕೋಶ ತುಂಬಿ ಹಿಗ್ಗಿದ ಸುದ್ದಿ ಮುಖ್ಯವಾಗಿ ಪೆಲ್ವಿಕ್ ನರದ ಮೂಲಕ ಬೆನ್ನುಹುರಿಗೆ ಹೋಗುತ್ತದೆ. ಆದರೆ ಮೂತ್ರ ಹೊರಬರುವ ನಾಳಕ್ಕೂ ತನ್ನದೇ ಸ್ಪರ್ಶಜ್ಞಾನವಿದೆ ಎಂಬುದು ನನಗೆ ಇದರಲ್ಲಿ ಅತ್ಯಂತ ಸೊಗಸಾದ ಸಂಗತಿ. ಅಲ್ಲಿಂದ ಪುಡೆಂಡಲ್ ನರ ಸಂದೇಶ ಒಯ್ಯುತ್ತದೆ. ನಾಳದಲ್ಲಿ ಮೂತ್ರ ಹರಿಯುತ್ತಿದ್ದರೆ ಆ ಹರಿವೇ ಮೂತ್ರಕೋಶವನ್ನು ಇನ್ನಷ್ಟು ಸಂಕುಚಿಸುವಂತೆ ಪ್ರಚೋದಿಸುತ್ತದೆ. ಕೋಶ ಪೂರ್ತಿ ಬರಿದಾಗಲು ಇದು ನೆರವು. ಇಂಗ್ಲೆಂಡಿನ ಸಂಶೋಧಕ ಬ್ಯಾರಿಂಗ್ಟನ್ ಕಳೆದ ಶತಮಾನದ ಆರಂಭದ ದಶಕಗಳಲ್ಲಿ ಬೆಕ್ಕುಗಳಲ್ಲಿ ಈ ಪ್ರತಿವರ್ತನೆಯನ್ನು ಗುರುತಿಸಿದರು.

ಹಾಗಾಗಿ ಬಾಧೆ ಇಲ್ಲದಿರುವುದೇ ಸುಖವಲ್ಲ. ಬಹುಕಾಲದ ಸಕ್ಕರೆ ಕಾಯಿಲೆ ಈ ನರಗಳನ್ನು ಮಂಕಾಗಿಸಬಲ್ಲದು. ಆಗ ಕೋಶ ತುಂಬಿದ್ದೂ ತಿಳಿಯದು, ಪೂರ್ತಿ ಖಾಲಿಯೂ ಆಗದು. ಉಳಿದ ಮೂತ್ರದಲ್ಲಿ ಸೋಂಕು ಬೆಳೆಯಬಹುದು. ಹೇಳಿಕೊಳ್ಳಲು ನಾಚುವ ವಿಷಯವೆಂದು ಎಷ್ಟೋ ಜನ ವರ್ಷಗಟ್ಟಲೆ ಸುಮ್ಮನಿರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಜಲಬಾಧೆ ಕಡಿಮೆಯಾದರೂ, ವಿಪರೀತವಾದರೂ ವೈದ್ಯರಿಗೆ ಬಾಯಿಬಿಟ್ಟು ಹೇಳಿ.