ಮೂರು ಬಾವುಟ, ಒಂದು ಮೆಗಾಫೋನ್

1970ರ ನವೆಂಬರ್ 12ರ ರಾತ್ರಿ ಭೋಲಾ ದ್ವೀಪದ ಸುತ್ತಲಿನ ಊರುಗಳ ಮೇಲೆ ಕಡಲೇ ನುಗ್ಗಿತು. ಸತ್ತವರು ಕಡಿಮೆಯೆಂದರೂ 3 ಲಕ್ಷ. ಚಂಡಮಾರುತ ಬರುತ್ತಿರುವುದು ಹವಾಮಾನ ಇಲಾಖೆಗೆ ಗೊತ್ತಿತ್ತು. ಕರಾವಳಿಯ ಗುಡಿಸಲುಗಳಿಗೆ ಸುದ್ದಿ ಸರಿಯಾಗಿ ಮುಟ್ಟಲಿಲ್ಲ, ಅಷ್ಟೆ.

ಆ ನೆಲದಲ್ಲೇ ಮರುವರ್ಷ ಹುಟ್ಟಿದ ಬಾಂಗ್ಲಾದೇಶದ ಬೊಕ್ಕಸ ಬರಿದಾಗಿತ್ತು, ಜನ ಮಾತ್ರ ಇದ್ದರು. 1972ರಲ್ಲಿ ರೆಡ್ ಕ್ರಾಸ್ ಶುರುಮಾಡಿದ ಚಂಡಮಾರುತ ಸನ್ನದ್ಧತಾ ಕಾರ್ಯಕ್ರಮಕ್ಕೆ 1973ರಲ್ಲಿ ಸರ್ಕಾರವೂ ಹೆಗಲು ಕೊಟ್ಟಿತು. ಢಾಕಾದಿಂದ ಹೊರಟ ರೇಡಿಯೊ ಸಂದೇಶ ಹಂತಹಂತವಾಗಿ ಇಳಿದು ಹಳ್ಳಿಯ ಸ್ವಯಂಸೇವಕರ ಕಿವಿಗೆ ಬೀಳುತ್ತಿತ್ತು. ಅವರ ಬಳಿ ಇದ್ದದ್ದೇನು? ಟ್ರಾನ್ಸಿಸ್ಟರ್, ಮೆಗಾಫೋನ್, ಕೈಯಲ್ಲಿ ತಿರುಗಿಸುವ ಸೈರನ್, ಟಾರ್ಚ್. ಕಂಬಕ್ಕೆ ಒಂದು ಬಾವುಟ ಏರಿದರೆ ಎಚ್ಚರ, ಮೂರು ಏರಿದರೆ ಮಹಾ ಅಪಾಯ. ಅಕ್ಷರ ಬಾರದವರಿಗೂ ಅರ್ಥವಾಗುವ ಸೂಚನೆ. ಈ ಸ್ವಯಂಸೇವಕರಿಗೆ ಸಂಬಳದ ಮಾತೇ ಇಲ್ಲ.

ಆದರೂ 1991ರ ಏಪ್ರಿಲ್‌ನ ಚಂಡಮಾರುತದಲ್ಲಿ ಸುಮಾರು 1.38 ಲಕ್ಷ ಜನ ಸತ್ತರು. ಎಚ್ಚರಿಕೆ ಸಿಕ್ಕಿದ್ದರೂ ಓಡಿಹೋಗಲು ಆಶ್ರಯ ಕಟ್ಟಡಗಳು ಸಾಲಲಿಲ್ಲ. ಸತ್ತವರಲ್ಲಿ ಹೆಂಗಸರೇ ಹೆಚ್ಚು: ಮನೆ, ದನಕರು ಬಿಟ್ಟು ಪರಗಂಡಸರು ತುಂಬಿದ ಕಟ್ಟಡಕ್ಕೆ ಹೋಗಲು ಹಲವರು ಹಿಂಜರಿದಿದ್ದರು. ಮೆಗಾಫೋನನ್ನು ಹೆಂಗಸರ ಕೈಗೂ ಕೊಡುವ ಬುದ್ಧಿ ಬೇಗ ಬರಬೇಕಿತ್ತು. ಈಗ ಸುಮಾರು 76 ಸಾವಿರ ಸ್ವಯಂಸೇವಕರಲ್ಲಿ ಅರ್ಧದಷ್ಟು ಮಹಿಳೆಯರು.

2007ರ ಸಿದ್ರ್ ಚಂಡಮಾರುತಕ್ಕೆ ಸುಮಾರು 3,400 ಜನ ಬಲಿಯಾದರು. 2020ರಲ್ಲಿ ಅಂಫಾನ್ ದಡ ಮುಟ್ಟುವ ಮೊದಲೇ, ಕೊರೊನಾ ಭಯದ ನಡುವೆಯೂ, 20 ಲಕ್ಷಕ್ಕೂ ಹೆಚ್ಚು ಮಂದಿ ಸುರಕ್ಷಿತ ಜಾಗ ಸೇರಿದ್ದರು.